‘ಪಿಪಿಟಿ ನೀನೇ ಮಾಡು’ ಎಂದಾಗ

ಹ್ಯಾಕಥಾನ್ (ಕೊಟ್ಟ ಸಮಸ್ಯೆಗೆ ನಿಗದಿತ ಸಮಯದಲ್ಲಿ ತಂಡವಾಗಿ ಪರಿಹಾರ ಕಟ್ಟುವ ಸ್ಪರ್ಧೆ), ಟೆಕ್ ಫೆಸ್ಟ್, ವಾಹನ ಸ್ಪರ್ಧೆ, ಹಳೆ ವಿದ್ಯಾರ್ಥಿಗಳ ಸಮ್ಮಿಲನ ಇವುಗಳ ಬಗ್ಗೆ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ನಡುವೆ ಒಬ್ಬ ತಾಯಿಯ ಪತ್ರವೂ ಇದೆ. ಉತ್ತರಿಸಿದವರು ಇಂಥ ತಂಡಗಳಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರು ಮತ್ತು ಎಂಜಿನಿಯರುಗಳು.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಐದನೇ ಸೆಮಿಸ್ಟರ್. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ನಮ್ಮ ಕ್ಲಾಸಿನ ಐದು ಹುಡುಗರು ತಂಡ ಕಟ್ಟಿದ್ದಾರೆ. ‘ಒಬ್ಬಳಾದರೂ ಹುಡುಗಿ ಇರಲೇಬೇಕಂತೆ, ನಿನ್ನ ಹೆಸರು ಹಾಕಿದ್ದೀವಿ. ಪಿಪಿಟಿ ನೀನೇ ಮಾಡು, ಸಾಕು’ ಅಂದರು. ಬೇಜಾರಾಯಿತು. ಬಿಟ್ಟುಬಿಡಲೇ?
– ಎಸ್., ಹಾಸನ

ಉತ್ತರ: ಬಿಡಬೇಡಿ. ನಾಯಕರೂ ಸೇರಿ 6 ಜನರ ತಂಡ, ಅದರಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಬೇಕು ಎಂಬುದು ಈ ಸ್ಪರ್ಧೆಯ ನಿಯಮ. ನಿಯಮದಿಂದ ನಿಮಗೆ ಜಾಗ ಸಿಕ್ಕಿದೆ. ಕೆಲಸವನ್ನು ಮಾತ್ರ ನೀವೇ ಕೇಳಿ ಪಡೆಯಬೇಕು, ಅದನ್ನು ಹೆಸರು ನೋಂದಾಯಿಸುವ ಮೊದಲೇ ಕೇಳಬೇಕು. ಮೊದಲು ಕಾಲೇಜಿನೊಳಗಿನ ಸುತ್ತು, ಆಮೇಲೆ ಕಾಲೇಜಿನ ಸಂಪರ್ಕಾಧಿಕಾರಿ ತಂಡಗಳನ್ನು ಸೂಚಿಸುವುದು, ಬಳಿಕ ಆನ್‌ಲೈನ್‌ನಲ್ಲಿ ಪಿಪಿಟಿ, ಅಂದರೆ ಯೋಜನೆ ವಿವರಿಸುವ ಸ್ಲೈಡ್‌ಗಳನ್ನು ಸಲ್ಲಿಸುವುದು ಎಂಬ ಕ್ರಮದಲ್ಲಿ ಇದು ನಡೆಯುತ್ತದೆ. ತಂಡ ಮುಂದಿನ ಹಂತಕ್ಕೆ ಹೋದ ಮೇಲೆ ಸದಸ್ಯರನ್ನು ಬದಲಿಸುವುದು ಸುಲಭವಲ್ಲ. ಹಾಗಾಗಿ ಅವರಿಗೆ ನಿಮ್ಮ ಒಪ್ಪಿಗೆ ಅತಿ ಹೆಚ್ಚು ಬೇಕಾಗಿರುವುದು ನೋಂದಣಿಯ ಹಿಂದಿನ ದಿನ.

‘ನನಗೂ ಏನಾದರೂ ಟೆಕ್ನಿಕಲ್ ಕೆಲಸ ಕೊಡಿ’ ಎಂದು ಕೇಳಿದರೆ ‘ನೋಡೋಣ’ ಎನ್ನುತ್ತಾರೆ. ‘ಸೆನ್ಸರ್‌ನಿಂದ ವೈಫೈವರೆಗಿನ ಭಾಗ ಪೂರ್ತಿ ನನ್ನದು. ಶನಿವಾರದೊಳಗೆ ಬ್ರೆಡ್‌ಬೋರ್ಡ್ ಮೇಲೆ ಓಡಿಸಿ ತೋರಿಸುತ್ತೇನೆ’ ಎನ್ನಿ (ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸಿ ನೋಡುವ ಹಲಗೆ ಅದು). ನೀವು ಎಲೆಕ್ಟ್ರಾನಿಕ್ಸ್ ಆದ್ದರಿಂದ ಉದಾಹರಣೆಗೆ ಗ್ಯಾಸ್ ಸೋರಿಕೆ ಪತ್ತೆ ಮಾಡುವ ಒಂದು ಯೋಜನೆಯನ್ನೇ ನೋಡೋಣ. ವೈಫೈ ಇರುವ ಪುಟ್ಟ ಕಂಪ್ಯೂಟರ್‌ನಂಥ ಇಎಸ್‌ಪಿ32 ಬೋರ್ಡಿಗೆ ಎಂಕ್ಯೂ ಸರಣಿಯ ಗ್ಯಾಸ್ ಸೆನ್ಸರ್ ಜೋಡಿಸುವಾಗ ಹೆಚ್ಚಿನ ತಂಡಗಳು ಮುಗ್ಗರಿಸುವ ಜಾಗ ನಾಲ್ಕು.

ಮೊದಲನೆಯದು, ಸೆನ್ಸರ್ 5 ವೋಲ್ಟ್‌ನಲ್ಲಿ ಓಡುತ್ತದೆ, ಅದರ ಅನಲಾಗ್ ಔಟ್‌ಪುಟ್ 5 ವೋಲ್ಟ್‌ವರೆಗೂ ಏರಬಹುದು, ಆದರೆ ಇಎಸ್‌ಪಿ32 ಪಿನ್‌ಗೆ 3.3 ವೋಲ್ಟೇ ಮಿತಿ. ಸೆನ್ಸರ್ ಕಡೆ 10 ಕಿಲೋಓಮ್, ಗ್ರೌಂಡ್ ಕಡೆ 20 ಕಿಲೋಓಮ್ ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿಯೇ ಒಳಗೆ ಬಿಡಿ. ಎರಡನೆಯದು, ವೈಫೈ ಆನ್ ಆದ ಕೂಡಲೇ ರೀಡಿಂಗ್ ಬರುವುದೇ ನಿಂತುಬಿಡುವುದು. ಆ ಚಿಪ್‌ನಲ್ಲಿರುವ ಎರಡು ಎಡಿಸಿಗಳ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗಗಳ) ಪೈಕಿ ಎರಡನೆಯದನ್ನು ವೈಫೈ ಬಳಸಿಕೊಳ್ಳುತ್ತದೆ. ಆದ್ದರಿಂದ ಸೆನ್ಸರ್ ತಂತಿಯನ್ನು ಜಿಪಿಐಒ 32ರಿಂದ 39ರೊಳಗಿನ ಪಿನ್‌ಗೇ ಕೊಡಿ. ಮೂರನೆಯದು, ಗ್ಯಾಸ್ ಕವಾಟ ಮುಚ್ಚಲು ಸರ್ವೋ ಮೋಟರ್ ಹಾಕಿದ್ದರೆ ಅದು ತಿರುಗಿದಾಗಲೆಲ್ಲ ಬೋರ್ಡ್ ರೀಸೆಟ್ ಆಗುವುದು. ಲ್ಯಾಪ್‌ಟಾಪಿನ ಸಾಮಾನ್ಯ ಯುಎಸ್‌ಬಿ ಪೋರ್ಟ್ ಕೊಡುವುದು 500 ಮಿಲಿಆಂಪ್. ವೈಫೈ ಮತ್ತು ಸರ್ವೋ ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಸರ್ವೋಗೆ ಬೇರೆ 5 ವೋಲ್ಟ್ ಸಪ್ಲೈ ಕೊಡಿ, ಎರಡರ ಗ್ರೌಂಡ್ ಒಂದು ಮಾಡಿ, ಸಪ್ಲೈಗೆ ಅಡ್ಡಲಾಗಿ 470ರಿಂದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಕೊನೆಯದಾಗಿ, ಎಂಕ್ಯೂ ಸೆನ್ಸರ್ ಒಳಗೆ ಹೀಟರ್ ಇದೆ. ಹೊಸ ಸೆನ್ಸರನ್ನು 24 ಗಂಟೆಯಾದರೂ ವಿದ್ಯುತ್ ಕೊಟ್ಟು ಇಟ್ಟಿರದಿದ್ದರೆ ರೀಡಿಂಗ್ ಜಾರುತ್ತಲೇ ಇರುತ್ತದೆ. ಜ್ಯೂರಿ ಬಂದಾಗ ಪ್ಲಗ್ ಹಾಕಿದರೆ ತೋರಿಸಲು ಏನೂ ಇರುವುದಿಲ್ಲ.

ಇಷ್ಟನ್ನು ಮನೆಯಲ್ಲೇ ಮಾಡಿ ನೋಡಿದ್ದರೆ ಜ್ಯೂರಿಯ ‘ಇದನ್ನು ಯಾಕೆ ಹೀಗೆ ಮಾಡಿದಿರಿ’ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಬಾಯಿಂದಲೇ ಬರುತ್ತದೆ. ಕೋಡನ್ನು ಗೆಳೆಯನ ಲ್ಯಾಪ್‌ಟಾಪಿನಿಂದ ಹಾಕಬೇಡಿ. ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ನಿಮ್ಮ ಖಾತೆಯಿಂದಲೇ ಕಮಿಟ್ ಮಾಡಿ (ದಾಖಲಿಸಿ), ಆರು ತಿಂಗಳ ನಂತರ ಇಂಟರ್ನ್‌ಶಿಪ್ ಸಂದರ್ಶನದಲ್ಲಿ ತೋರಿಸಲು ಸಿಗುವುದು ಅದೊಂದೇ.

ಪಿಪಿಟಿಯನ್ನು ಕೀಳಾಗಿ ಕಾಣುವುದೂ ಬೇಡ. ಮೊದಲ ಆಯ್ಕೆ ನಡೆಯುವುದೇ ಅದರ ಮೇಲೆ. ಯಾರು ಯಾವ ಭಾಗ ಮಾಡಿದರೋ ಆ ಸ್ಲೈಡ್ ಅವರೇ ಬರೆಯಲಿ, ಜೋಡಿಸುವುದು ಸರದಿಯ ಮೇಲೆ ಎಂದು ಹೇಳಿ. ಇಷ್ಟಕ್ಕೂ ಒಪ್ಪದ ತಂಡವಾದರೆ ಬೇರೆ ತಂಡ ನೋಡಿಕೊಳ್ಳಿ. ಪ್ರತಿ ತಂಡಕ್ಕೂ ಒಬ್ಬ ವಿದ್ಯಾರ್ಥಿನಿ ಬೇಕೇ ಬೇಕು, ಜೊತೆಗೆ ಆರೂ ಹುಡುಗಿಯರ ತಂಡಕ್ಕೆ ನಿಯಮದಲ್ಲಿ ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ಮಗಳು ಅದೇ ಸ್ಪರ್ಧೆಯ ಫೈನಲ್‌ಗೆ ಆಯ್ಕೆಯಾದರೆ ಬೇರೆ ರಾಜ್ಯಕ್ಕೆ ಹೋಗಬೇಕಂತೆ, 36 ಗಂಟೆ ನಿದ್ದೆ ಇಲ್ಲದೆ ಕೂರಬೇಕಂತೆ. ಅವರಪ್ಪ ಬೇಡ ಅನ್ನುತ್ತಿದ್ದಾರೆ. ಕಳಿಸಬಹುದೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಕಳಿಸಿ ಅಮ್ಮ, ವಿಚಾರಿಸಿಕೊಂಡು ಕಳಿಸಿ. 36 ಗಂಟೆ ಎಂಬುದು ಸಾಫ್ಟ್‌ವೇರ್ ವಿಭಾಗಕ್ಕೆ. ಹಾರ್ಡ್‌ವೇರ್ ವಿಭಾಗ ಹಿಂದಿನ ವರ್ಷಗಳಲ್ಲಿ 5 ದಿನ ನಡೆದಿದೆ. ಎರಡೂ ಯಾವುದಾದರೂ ಕಾಲೇಜು ಅಥವಾ ಸಂಸ್ಥೆಯ ಕ್ಯಾಂಪಸ್ಸಿನೊಳಗೆ, ಜನ ತುಂಬಿದ ಹಾಲ್‌ನಲ್ಲಿ ನಡೆಯುತ್ತವೆ. ಆರು ಜನರಲ್ಲಿ ಇಬ್ಬಿಬ್ಬರು ಸರದಿಯಂತೆ ಮೂರು ಮೂರು ಗಂಟೆ ಮಲಗುವ ತಂಡ, ಎಲ್ಲರೂ ಎದ್ದೇ ಕೂತ ತಂಡಕ್ಕಿಂತ ಚೆನ್ನಾಗಿ ಮುಗಿಸುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ತೂಕಡಿಸುತ್ತ ಬರೆದ ಕೋಡ್ ಹತ್ತು ಗಂಟೆಗೆ ಡೆಮೋ ಕೆಡಿಸುತ್ತದೆ.

ಅವರಪ್ಪನ ಆತಂಕ ಕಡಿಮೆಯಾಗಬೇಕಾದರೆ ಕಾಲೇಜಿನಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಬೇಕಾದ್ದು ಇಷ್ಟು: ತಂಡದ ಜೊತೆ ಹೋಗುವ ಅಧ್ಯಾಪಕರು ಯಾರು, ಸ್ಪರ್ಧೆ ನಡೆಸುವ ಸಂಸ್ಥೆಯ ಸಂಚಾಲಕರ ಫೋನ್ ನಂಬರ್, ಹುಡುಗಿಯರಿಗೆ ವಸತಿ ಹಾಲ್‌ನಿಂದ ಎಷ್ಟು ದೂರ, ರಾತ್ರಿ ಅಲ್ಲಿಗೆ ಹೋಗಿಬರಲು ವಾಹನ ಇದೆಯೇ. ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ತೊಂದರೆಯಾಗುವುದು ಅಲ್ಲೇ. ಹಾಸ್ಟೆಲ್ ಕ್ಯಾಂಪಸ್ಸಿನ ಇನ್ನೊಂದು ತುದಿಯಲ್ಲಿದ್ದರೆ ಹುಡುಗಿ ಮಲಗಲು ಹೋಗದೆ ಕುರ್ಚಿಯಲ್ಲೇ ಕೂತಿರುತ್ತಾಳೆ. ಹೊಸ ಊರಿಗೆ ಸಂಜೆ ಆರರೊಳಗೆ ತಲುಪುವ ರೈಲನ್ನೇ ಬುಕ್ ಮಾಡಿಸಿ.

ರಾಜ್ಯದೊಳಗಿನ ಸ್ಪರ್ಧೆಗಳಿಗಾದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ವಿಳಾಸವಿರುವ ಗುರುತಿನ ಚೀಟಿ ಬೇಕು. ರಾಜಹಂಸ, ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಬ್ಯಾಗಿನಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಒಂದು ಇರಲಿ, ಅಂಥ ಹಾಲ್‌ಗಳಲ್ಲಿ ಪ್ಲಗ್ ಪಾಯಿಂಟ್‌ಗೆ ಯಾವಾಗಲೂ ಕೊರತೆ. ಸ್ಯಾನಿಟರಿ ಪ್ಯಾಡ್, ತಿಂಗಳ ನೋವಿನ ಮಾತ್ರೆ, ತೆಳ್ಳಗಿನ ಹೊದಿಕೆ ಕೂಡ ಇರಲಿ. ಎಸಿ ಹಾಲ್ ರಾತ್ರಿ ಎರಡಕ್ಕೆ ಕೊರೆಯುತ್ತದೆ.

ಪ್ರಶ್ನೆ: ಮೆಕ್ಯಾನಿಕಲ್ ಮೂರನೇ ಸೆಮಿಸ್ಟರ್. ಕಾಲೇಜಿನ ಬಾಹಾ ತಂಡದಲ್ಲಿ ಇಬ್ಬರೇ ಹುಡುಗಿಯರು. ನಮಗೆ ಸ್ಪಾನ್ಸರ್ ಪತ್ರ ಬರೆಯುವುದು, ಇನ್‌ಸ್ಟಾಗ್ರಾಂ ನೋಡಿಕೊಳ್ಳುವುದು. ವರ್ಕ್‌ಶಾಪ್ ಕೆಲಸ ರಾತ್ರಿ ನಡೆಯುತ್ತದೆ, ಹಾಸ್ಟೆಲ್ ಗೇಟು ಎಂಟೂವರೆಗೆ ಮುಚ್ಚುತ್ತದೆ.
– ಆರ್. ಮತ್ತು ಕೆ., ದಾವಣಗೆರೆ

ಉತ್ತರ: ಓದುಗರಿಗೆ ಒಂದು ಮಾತು: ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ಇಂಡಿಯಾ 2007ರಿಂದ ನಡೆಸುತ್ತಿರುವ ಈ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿ ಕಟ್ಟಿದ, ಒಬ್ಬರೇ ಕೂರುವ ಗಾಡಿಯನ್ನು ಕಚ್ಚಾ ಟ್ರ್ಯಾಕ್‌ನಲ್ಲಿ ಓಡಿಸುತ್ತಾರೆ. ಇಂದೋರ್ ಹತ್ತಿರದ ಪೀಥಂಪುರ ಇದರ ಹೆಸರಾಂತ ತಾಣ, ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟ ಇದರ ಮುಖ್ಯ ಪರೀಕ್ಷೆ.

ಆರ್., ಕೆ., ನೀವಿಬ್ಬರೂ ಬ್ರೇಕ್ ವಿಭಾಗ ಕೇಳಿ. ಕಾರಣ ಇದೆ. ತಾಂತ್ರಿಕ ತಪಾಸಣೆ ಮತ್ತು ನಾಲ್ಕೂ ಚಕ್ರ ಲಾಕ್ ಆಗುವ ಬ್ರೇಕ್ ಪರೀಕ್ಷೆ ಪಾಸಾಗದೆ ಗಾಡಿ ಟ್ರ್ಯಾಕಿಗೆ ಇಳಿಯುವ ಹಾಗಿಲ್ಲ. ಹಾಗಿದ್ದೂ ಚಾಸಿ (ಗಾಡಿಯ ಚೌಕಟ್ಟು), ಗೇರ್‌ಬಾಕ್ಸ್ ಎಂದರೆ ಮುಗಿಬೀಳುವವರು ಬ್ರೇಕ್ ಎಂದರೆ ಹಿಂದೆ ಸರಿಯುತ್ತಾರೆ. ಎರಡನೆಯ ಕಾರಣ, ಇದು ಇಬ್ಬರು ಸೇರಿ ಹಗಲಲ್ಲೇ ಮಾಡಬಹುದಾದ ಕೆಲಸ.

ಬ್ರೇಕ್ ಬ್ಲೀಡಿಂಗ್, ಅಂದರೆ ಬ್ರೇಕ್ ಪೈಪಿನೊಳಗಿನ ಗಾಳಿ ಹೊರಹಾಕುವುದು ಹೇಗೆ ಎಂದರೆ, ಪೆಡಲ್‌ನ ಒತ್ತಡವನ್ನು ಆಯಿಲ್‌ಗೆ ಕೊಡುವ ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಶುರು. ಒಬ್ಬರು ಪೆಡಲ್ ಮೇಲೆ, ಇನ್ನೊಬ್ಬರು ಚಕ್ರದ ಬಳಿ ಬ್ರೇಕ್ ಹಿಡಿಯುವ ಕ್ಯಾಲಿಪರ್‌ನ ನಿಪ್ಪಲ್ (ಗಾಳಿ ಬಿಡುವ ತಿರುಪು) ಹತ್ತಿರ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಪೆಡಲ್ ಒತ್ತಿ ಹಿಡಿಯಿರಿ, ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಗುಳ್ಳೆ ಹೊರಬರಲಿ, ನಿಪ್ಪಲ್ ಬಿಗಿಯಿರಿ, ಆಮೇಲೆ ಪೆಡಲ್ ಬಿಡಿ. ಈ ಕೊನೆಯ ಎರಡರ ಕ್ರಮ ತಪ್ಪಿದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಮೊದಲಿನಿಂದ ಮಾಡಬೇಕಾಗುತ್ತದೆ. ಆದ್ದರಿಂದ ‘ಒತ್ತಿದೆ’, ‘ಬಿಗಿದೆ’ ಎಂದು ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳಬೇಕು. ರಿಸರ್ವಾಯರ್‌ನಲ್ಲಿ ಆಯಿಲ್ ತಳ ಮುಟ್ಟಲು ಬಿಡಬೇಡಿ. ಬ್ಲೀಡ್ ಮಾಡಿದ ಮೇಲೂ ಪೆಡಲ್ ಮೆತ್ತಗಿದ್ದರೆ ಬ್ರೇಕ್ ಪೈಪನ್ನು ಕ್ಯಾಲಿಪರ್‌ಗೆ ಜೋಡಿಸುವ ಬ್ಯಾಂಜೋ ಬೋಲ್ಟ್‌ನ ತಾಮ್ರದ ವಾಷರ್ ನೋಡಿ. ಒಮ್ಮೆ ಬಿಗಿದು ಬಿಚ್ಚಿದ ವಾಷರನ್ನೇ ಮತ್ತೆ ಹಾಕಿದ್ದರೆ ಅಲ್ಲಿ ಜಿನುಗುತ್ತಿರುತ್ತದೆ. ಡಾಟ್ 4 ಆಯಿಲ್ ಇದ್ದಲ್ಲಿ ಸಿಲಿಕೋನ್ ಆಧಾರಿತ ಡಾಟ್ 5 ಸುರಿಯಬಾರದು. ಡಾಟ್ 4 ಗಾಳಿಯ ತೇವ ಹೀರುತ್ತದೆ, ಹಾಗಾಗಿ ಕಳೆದ ವರ್ಷ ತೆರೆದ ಡಬ್ಬಿ ಬೇಡ.

ಜೊತೆಗೆ ಪೆಡಲ್ ಅನುಪಾತ, ಮಾಸ್ಟರ್ ಸಿಲಿಂಡರ್ ವ್ಯಾಸ, ಕ್ಯಾಲಿಪರ್ ಪಿಸ್ಟನ್ ವಿಸ್ತೀರ್ಣ ಇಟ್ಟುಕೊಂಡು ಬ್ರೇಕಿಂಗ್ ಬಲದ ಲೆಕ್ಕವನ್ನು ಒಂದು ಹಾಳೆಯಲ್ಲಿ ನೀವೇ ಮಾಡಿ. ವಿನ್ಯಾಸದ ಜ್ಯೂರಿಯಲ್ಲಿ ಕೂರುವವರು ವಾಹನ ಉದ್ಯಮದ ಎಂಜಿನಿಯರುಗಳು. ತಾನೇ ಮಾಡಿದ ಲೆಕ್ಕವನ್ನು ತಡವರಿಸದೆ ವಿವರಿಸುವ ಹುಡುಗಿಯ ಹೆಸರನ್ನು ಅವರು ಕೇಳಿ ಬರೆದುಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ನೆಟ್‌ವರ್ಕಿಂಗ್ ಎರಡನೇ ವರ್ಷದಲ್ಲಿ ಬೇಕಿಲ್ಲ.

ವರ್ಕ್‌ಶಾಪಿನಲ್ಲಿ ದುಪಟ್ಟಾ, ಬಳೆ, ಉಂಗುರ ಬೇಡ. ಜಡೆಯನ್ನು ಸುತ್ತಿ ಟೋಪಿಯೊಳಗೆ ಹಾಕಿ. ಲೇತ್, ಡ್ರಿಲ್ಲಿಂಗ್ ಯಂತ್ರದ ಮುಂದೆ ಕೈಗವಸೂ ಬೇಡ, ತಿರುಗುವ ಚಕ್ ಅದನ್ನು ಬೆರಳು ಸಮೇತ ಎಳೆದುಕೊಳ್ಳುತ್ತದೆ. ವೆಲ್ಡಿಂಗ್ ಬಳಿ ತುಂಬುತೋಳಿನ ಹತ್ತಿ ಬಟ್ಟೆಯೇ ಇರಲಿ. ಪಾಲಿಯೆಸ್ಟರ್ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ನಿಮ್ಮಿಬ್ಬರಲ್ಲಿ ಯಾರಿಗಾದರೂ ಗಾಡಿ ಓಡಿಸುವ ಆಸೆ ಇದ್ದರೆ ಈಗಲೇ ಹೇಳಿ. ಎಲ್ಲ ಬೆಲ್ಟ್ ಕಟ್ಟಿ ಕೂತ ಚಾಲಕರು 5 ಸೆಕೆಂಡಿನಲ್ಲಿ ಹೊರಬರಬೇಕು ಎಂಬ ಪರೀಕ್ಷೆ ಇದೆ, ಅದು ಅಭ್ಯಾಸದಿಂದ ಬರುವಂಥದ್ದು.

ಹಾಸ್ಟೆಲ್ ಗೇಟಿನ ವಿಷಯ. ಸುರಕ್ಷತೆಯ ನೆಪ ಹೇಳಿ ವಿದ್ಯಾರ್ಥಿನಿಯರ ಹಾಸ್ಟೆಲ್‌ಗೆ ಹುಡುಗರಿಗಿಲ್ಲದ ತಾರತಮ್ಯದ ನಿಯಮ ಹೇರಬಾರದು ಎಂದು ಯುಜಿಸಿಯ 2015ರ ನಿಯಮಾವಳಿಯೇ ಹೇಳುತ್ತದೆ. ಅದನ್ನು ತಿಳಿದುಕೊಂಡಿರಿ. ಆದರೆ ವಾರ್ಡನ್ ಮುಂದೆ ಮೊದಲು ಇಡಬೇಕಾದ ಕಾಗದ ಬೇರೆ. ಯಾವ ಯಾವ ದಿನಾಂಕ, ಎಷ್ಟು ಗಂಟೆವರೆಗೆ, ಜೊತೆಗಿರುವ ಅಧ್ಯಾಪಕರು ಯಾರು, ಹಾಸ್ಟೆಲ್‌ವರೆಗೆ ಬಿಡುವವರು ಯಾರು ಎಂದು ಬರೆದು ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಕೊಡಿ. ‘ಪ್ರತಿದಿನ ತಡವಾಗಿ ಬರಲು ಅನುಮತಿ’ ಎಂದು ಕೇಳಿದ ಅರ್ಜಿ ಅಲ್ಲೇ ಬಿದ್ದಿರುತ್ತದೆ. ಹತ್ತು ದಿನಾಂಕ ಬರೆದ ಅರ್ಜಿಗೆ ಸಹಿ ಬೀಳುತ್ತದೆ. ತಂಡದ ಸಭೆ ಮತ್ತು ಅಳತೆಯ ನಿರ್ಧಾರಗಳನ್ನು ಸಂಜೆ ಏಳರೊಳಗೆ ಮುಗಿಸಬೇಕೆಂದು ಕ್ಯಾಪ್ಟನ್‌ಗೆ ಹೇಳಿ. ನೀವಿಲ್ಲದಾಗ ನಿರ್ಧಾರವಾದರೆ ಮರುದಿನ ನಿಮಗೆ ಉಳಿಯುವುದು ಇನ್‌ಸ್ಟಾಗ್ರಾಂ ಮಾತ್ರ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಟೆಕ್ ಫೆಸ್ಟ್‌ಗೆ, ಹಳೆ ವಿದ್ಯಾರ್ಥಿಗಳ ಸಮ್ಮಿಲನಕ್ಕೆ ಕಂಪನಿಯವರು ಬರುತ್ತಾರೆ. ನಾನು ಸೀರೆ ಉಟ್ಟು ಹೂಗುಚ್ಛ ಕೊಟ್ಟು ಹಿಂದೆ ನಿಲ್ಲುತ್ತೇನೆ. ಮಾತಾಡಬೇಕು ಅನಿಸುತ್ತದೆ, ಏನು ಮಾತಾಡುವುದು?
– ಪಿ., ಗದಗ

ಉತ್ತರ: ಮುಂದಿನ ಸಲ ಸ್ವಯಂಸೇವಕರ ಪಟ್ಟಿ ಮಾಡುವಾಗ ಸ್ವಾಗತ ಸಮಿತಿ ಬೇಡ ಎಂದು ಹೇಳಿ. ಪ್ರಾರ್ಥನೆ, ನಿರೂಪಣೆ, ಹೂಗುಚ್ಛ, ದೀಪದ ತಟ್ಟೆ ಇವೆಲ್ಲ ಹುಡುಗಿಯರಿಗೆ ತಾನಾಗಿಯೇ ಬಂದುಬಿಡುತ್ತವೆ. ಅಲ್ಲಿ ನಿಂತವರಿಗೆ ಅತಿಥಿಯ ಮುಖ ಕಾಣುತ್ತದೆ, ಮಾತಿಗೆ ಸಮಯ ಸಿಗುವುದಿಲ್ಲ. ಉಪನ್ಯಾಸಕರ ಸಮನ್ವಯದ ಕೆಲಸ ಕೇಳಿ. ಅವರಿಗೆ ಮೇಲ್ ಬರೆಯುವುದು, ಸ್ಲೈಡ್ ತರಿಸಿಕೊಳ್ಳುವುದು, ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಹೊಂದುತ್ತದೆಯೇ ನೋಡುವುದು ಎಲ್ಲ ನಿಮ್ಮ ಕೈಯಲ್ಲಿರುತ್ತದೆ. ಕಾರ್ಯಕ್ರಮದ ದಿನ ಅವರಿಗೆ ಹೆಸರಿನಿಂದ ಗೊತ್ತಿರುವ ವಿದ್ಯಾರ್ಥಿ ನೀವೊಬ್ಬರೇ.

ಮಾತಿಗೆ ಮೂರು ವಾಕ್ಯ ಸಾಕು. ಯಾರು, ಏನು ಮಾಡಿದ್ದೀರಿ, ಒಂದು ಪ್ರಶ್ನೆ. ‘ನಾನು ಇನ್ಫರ್ಮೇಷನ್ ಸೈನ್ಸ್ ಐದನೇ ಸೆಮಿಸ್ಟರ್. ಎಪಿಎಂಸಿ ದರ ತೋರಿಸುವ ಒಂದು ಆ್ಯಪ್ ಮಾಡಿದ್ದೇನೆ, ನೆಟ್‌ವರ್ಕ್ ಇಲ್ಲದ ಕಡೆ ಹಳೆ ದರ ತೋರಿಸುತ್ತದೆ. ನೀವು ಮಾತಿನಲ್ಲಿ ಹೇಳಿದ ಕ್ಯಾಶಿಂಗ್ (ಒಮ್ಮೆ ತಂದ ಮಾಹಿತಿ ಉಳಿಸಿಟ್ಟುಕೊಳ್ಳುವುದು) ಅಲ್ಲಿ ಹೊಂದುತ್ತದೆಯೇ?’ ಇದನ್ನು ಇಂಗ್ಲಿಷಿನಲ್ಲಿ ಕನ್ನಡಿ ಮುಂದೆ ಹತ್ತು ಸಲ ಹೇಳಿ ಕಲಿಯಿರಿ. ಮೊದಲ ಎರಡು ವಾಕ್ಯ ಸರಾಗವಾದರೆ ಉಳಿದದ್ದು ಬರುತ್ತದೆ. ಅವರು ಕನ್ನಡದಲ್ಲಿ ಉತ್ತರಿಸಿದರೆ ನೀವೂ ಕನ್ನಡದಲ್ಲೇ ಮುಂದುವರಿಸಿ, ಸಂಕೋಚ ಬೇಡವೇ ಬೇಡ. ‘ಸರ್, ನಿಮ್ಮ ಕಂಪನಿಯಲ್ಲಿ ಕೆಲಸ ಇದೆಯಾ’ ಎಂಬುದು ಮೊದಲ ಪ್ರಶ್ನೆಯಾದರೆ ಎದುರಿನವರು ‘ರೆಸ್ಯೂಮೆ ಕಳಿಸಿ’ ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಭಾಷಣ ಮುಗಿದ ಕೂಡಲೇ ವೇದಿಕೆ ಹತ್ತಿರ ಇಪ್ಪತ್ತು ಜನ ಸುತ್ತುವರಿದಾಗ ಹೋಗಬೇಡಿ. ಶುರುವಾಗುವ ಕಾಲು ಗಂಟೆ ಮೊದಲು ಅಥವಾ ಟೀ ಹೊತ್ತಿನಲ್ಲಿ ಹೋಗಿ. ಎರಡು ಮೂರು ನಿಮಿಷ ಮಾತಾಡಿ ಹೊರಡಿ. ಹೊರಬಂದ ಕೂಡಲೇ ಅವರ ಹೆಸರು, ಕೆಲಸ, ಅವರು ಹೇಳಿದ ಒಂದು ಸಲಹೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಸಂಜೆಯ ಹೊತ್ತಿಗೆ ಯಾರು ಏನು ಹೇಳಿದರೆಂಬುದು ಕಲಸಿಹೋಗಿರುತ್ತದೆ.

ಹೆಚ್ಚಿನವರು ಎಡವುವುದು ಆಮೇಲೆ. ಲಿಂಕ್ಡ್‌ಇನ್‌ನಲ್ಲಿ ಖಾಲಿ ಕೋರಿಕೆ ಕಳಿಸಿ ಸುಮ್ಮನಾಗುತ್ತಾರೆ. ಎರಡು ದಿನದೊಳಗೆ ನಾಲ್ಕು ಸಾಲು ಬರೆಯಿರಿ: ‘ಶನಿವಾರ ನಮ್ಮ ಕಾಲೇಜಿನಲ್ಲಿ ಎಪಿಎಂಸಿ ಆ್ಯಪ್ ಬಗ್ಗೆ ಕೇಳಿದವಳು ನಾನು. ನೀವು ಹೇಳಿದಂತೆ ದರದ ಜೊತೆಗೆ ಸಮಯವನ್ನೂ ಉಳಿಸುವ ಹಾಗೆ ಬದಲಿಸಿದೆ. ಕೋಡ್ ಈ ಲಿಂಕ್‌ನಲ್ಲಿದೆ. ಬಿಡುವಾದಾಗ ಒಮ್ಮೆ ನೋಡಿ ತಪ್ಪಿದ್ದರೆ ತಿಳಿಸಿ.’ ಹೇಳಿದ್ದನ್ನು ಮಾಡಿ ತೋರಿಸಿದವರನ್ನು ಯಾರೂ ಮರೆಯುವುದಿಲ್ಲ. ಇಂಟರ್ನ್‌ಶಿಪ್ ಕೇಳುವುದು ಮೂರು ತಿಂಗಳಾದ ಮೇಲಿನ ಪತ್ರದಲ್ಲಿ ಇರಲಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ, ಅಷ್ಟೇ.

ಪ್ರಶ್ನೆ: ಒಂದು ಹ್ಯಾಕಥಾನ್‌ನಲ್ಲಿ ಮಾರ್ಗದರ್ಶಕರಾಗಿ ಬಂದಿದ್ದವರು ನಂಬರ್ ತೆಗೆದುಕೊಂಡು ಈಗ ರಾತ್ರಿ ಹೊತ್ತು ಮೆಸೇಜ್ ಮಾಡುತ್ತಾರೆ. ‘ರೆಫರಲ್ ಬೇಕಾದರೆ ಕಾಫಿಗೆ ಒಬ್ಬಳೇ ಬಾ’ ಅನ್ನುತ್ತಾರೆ. ದೂರು ಕೊಟ್ಟರೆ ನನ್ನ ಕೆರಿಯರ್ ಹಾಳಾಗುತ್ತದೆಯೇ?
– ಹೆಸರು ಬೇಡ

ಉತ್ತರ: ನಿಮ್ಮ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ರೆಫರಲ್ ಎಂದರೆ ಕಂಪನಿಯಲ್ಲಿ ಕೆಲಸ ಮಾಡುವವರು ಅಲ್ಲಿನ ಪೋರ್ಟಲ್‌ನಲ್ಲಿ ನಿಮ್ಮ ರೆಸ್ಯೂಮೆ ಹಾಕುವುದು, ಅದಕ್ಕೆ ಯಾರೂ ಒಬ್ಬರೇ ಹೋಗಿ ಭೇಟಿಯಾಗಬೇಕಿಲ್ಲ.

ಮೆಸೇಜ್‌ಗಳನ್ನು ಅಳಿಸಬೇಡಿ. ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಕಡೆ ಉಳಿಸಿ, ಆಮೇಲೆ ಬ್ಲಾಕ್ ಮಾಡಿ. ಅದಕ್ಕೂ ಮೊದಲು ‘ಇಂಥ ಮೆಸೇಜ್ ನನಗೆ ಬೇಡ, ನಿಲ್ಲಿಸಿ’ ಎಂದು ಒಂದೇ ಸಾಲು ಬರೆದಿದ್ದರೆ ದೂರಿಗೆ ಬಲ. ಬರೆಯದಿದ್ದರೂ ದೂರು ನಿಲ್ಲುತ್ತದೆ.

ದೂರು ಕೊಡಬೇಕಾದ್ದು ನಿಮ್ಮ ಕಾಲೇಜಿನ ಆಂತರಿಕ ದೂರು ಸಮಿತಿಗೆ, ಘಟನೆಯಾದ 3 ತಿಂಗಳೊಳಗೆ, ಬರವಣಿಗೆಯಲ್ಲಿ. ಕಾಲೇಜಿನ ಹೊರಗೆ ನಡೆದದ್ದು ಎಂದು ಯಾರಾದರೂ ತಳ್ಳಿಹಾಕಿದರೆ ಬಿಡಬೇಡಿ. ಯುಜಿಸಿ ನಿಯಮಾವಳಿಯಲ್ಲಿ ಕ್ಯಾಂಪಸ್ ಎಂದರೆ ಪ್ರವಾಸ, ಇಂಟರ್ನ್‌ಶಿಪ್, ಉತ್ಸವ, ಅಲ್ಲಿಗೆ ಹೋಗಿಬರುವ ವಾಹನವೂ ಸೇರುತ್ತದೆ, ಹೊರಗಿನ ವ್ಯಕ್ತಿಯಿಂದಾದ ಕಿರುಕುಳಕ್ಕೂ ಸಂಸ್ಥೆ ನೆರವಾಗಬೇಕು. ಆ ವ್ಯಕ್ತಿ ಕೆಲಸ ಮಾಡುವ ಕಂಪನಿಯಲ್ಲೂ ಹ್ಯಾಕಥಾನ್ ನಡೆಸಿದ ಸಂಸ್ಥೆಯಲ್ಲೂ ಇಂಥದೇ ಸಮಿತಿ ಇರಬೇಕು, ಅಲ್ಲಿಗೂ ಪ್ರತಿ ಕಳಿಸಬಹುದು. ಹಿಂಬಾಲಿಸುವುದು, ಬೆದರಿಕೆ ಹಾಕುವುದು ಶುರುವಾದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ಸಮಿತಿಯ ವಿಚಾರಣೆ ಗೋಪ್ಯ, ನಿಮ್ಮ ಹೆಸರನ್ನು ಬಹಿರಂಗ ಮಾಡುವ ಹಾಗಿಲ್ಲ.

ಇನ್ನು ಮುಂದೆ ಹೊಸ ಪರಿಚಯಗಳಿಗೆ ಫೋನ್ ನಂಬರ್ ಬದಲು ಮೇಲ್ ವಿಳಾಸ ಕೊಡಿ. ನಿಜವಾಗಿ ಸಹಾಯ ಮಾಡುವವರಿಗೆ ಅಷ್ಟು ಸಾಕು.

ಪ್ರಶ್ನೆ: ಐಇಇಇ ಸದಸ್ಯತ್ವ ತೆಗೆದುಕೊಳ್ಳಲೇ? ಪ್ರಾಜೆಕ್ಟ್‌ಗೆ, ಓದಿಗೆ ಹಣ ಸಿಗುವ ದಾರಿ ಯಾವುದು?
– ಎಂ., ತುಮಕೂರು

ಉತ್ತರ: ಐಇಇಇ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘ. ಅದರ ನಿಮ್ಮ ಕಾಲೇಜಿನ ಶಾಖೆ ಕಳೆದ ವರ್ಷ ಏನೇನು ನಡೆಸಿತು ಎಂದು ಮೊದಲು ಕೇಳಿ. ಉದ್ಘಾಟನೆ, ಸಮಾರೋಪ ಬಿಟ್ಟು ಬೇರೇನೂ ಇಲ್ಲದಿದ್ದರೆ ಕಟ್ಟಿದ ಶುಲ್ಕ ದಂಡ. ಚುರುಕಾದ ಶಾಖೆಯಾದರೆ ಸೇರಿ. ಮಹಿಳಾ ಎಂಜಿನಿಯರುಗಳಿಗೆ ಬೆಂಬಲವಾಗಿರುವ ವಿಮೆನ್ ಇನ್ ಎಂಜಿನಿಯರಿಂಗ್ ಗುಂಪಿನಲ್ಲಿ ಬೇರೆ ಕಾಲೇಜಿನವರ, ಕೆಲಸದಲ್ಲಿರುವವರ ಪರಿಚಯ ಸಿಗುತ್ತದೆ. ಗರಿಷ್ಠ ಮೂವರ ತಂಡ ಕಟ್ಟಿ 24 ಗಂಟೆ ಕೋಡಿಂಗ್ ಮಾಡುವ ಐಇಇಇ ಎಕ್ಸ್‌ಟ್ರೀಮ್‌ಗೆ ಸದಸ್ಯತ್ವ ಬೇಕು. ಸದಸ್ಯತ್ವದ ವರ್ಷ ಜನವರಿಯಿಂದ ಡಿಸೆಂಬರ್, ಸೇರುವ ತಿಂಗಳು ನೋಡಿ ಸೇರಿ. ಒಂದೇ ಸಂಘ ಸಾಕು. ನಾಲ್ಕು ಸಂಘಗಳ ಕಾರ್ಡ್ ಇದ್ದು ಯಾವುದರಲ್ಲೂ ಕೆಲಸ ಮಾಡದವರಿಗೆ ರೆಸ್ಯೂಮೆಯಲ್ಲಿ ಬರೆಯಲು ನಾಲ್ಕು ಸಾಲು ಸಿಗುತ್ತದೆ, ಸಂದರ್ಶನದಲ್ಲಿ ಹೇಳಲು ಏನೂ ಸಿಗುವುದಿಲ್ಲ.

ಹಣದ ಮಾತು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಹುಡುಗಿಯರಿಗೆಂದೇ ಇದೆ. ವರ್ಷಕ್ಕೆ ₹50,000, ಕುಟುಂಬದ ವಾರ್ಷಿಕ ಆದಾಯ ₹8 ಲಕ್ಷದೊಳಗಿರಬೇಕು, ಒಂದು ಮನೆಯ ಇಬ್ಬರು ಹುಡುಗಿಯರವರೆಗೆ ಸಿಗುತ್ತದೆ. ಮೊದಲ ವರ್ಷ ಸೇರಿದಾಗಲೇ ಅರ್ಜಿ ಹಾಕಬೇಕು, ಮೂರನೇ ವರ್ಷದಲ್ಲಿ ಗೊತ್ತಾಗಿ ಕೈ ಹಿಸುಕಿಕೊಳ್ಳುವವರೇ ಹೆಚ್ಚು. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ಇದೆ. ಅರ್ಜಿ ಕಾಲೇಜಿನ ಮೂಲಕವೇ ಹೋಗಬೇಕು. ಬಜೆಟ್‌ನಲ್ಲಿ ‘ಬಿಡಿಭಾಗ ₹8,000’ ಎಂದು ಒಂದೇ ಸಾಲು ಬರೆಯಬೇಡಿ. ಸೆನ್ಸರ್ ಎಷ್ಟು, ಪಿಸಿಬಿ ಎಷ್ಟು, ಬಾಕ್ಸ್ ಎಷ್ಟು, ಪರೀಕ್ಷೆಗೆ ಓಡಾಟ ಎಷ್ಟು ಎಂದು ಬಿಡಿಸಿ ಬರೆಯಿರಿ.

ಪ್ರಶ್ನೆ: ಹ್ಯಾಕಥಾನ್ ಸರ್ಟಿಫಿಕೇಟ್ ಕೊಟ್ಟರೆ ವಿಟಿಯು ಆ್ಯಕ್ಟಿವಿಟಿ ಪಾಯಿಂಟ್ ಸಿಗುತ್ತದೆಯೇ?
– ವಿ., ಬಳ್ಳಾರಿ

ಉತ್ತರ: ಅದನ್ನು ನಂಬಿಕೊಂಡು ಕೂರಬೇಡಿ. ಪದವಿಗೆ ಬೇಕಾದ 100 ಪಾಯಿಂಟ್, ಲ್ಯಾಟರಲ್ ಎಂಟ್ರಿಯವರಿಗೆ (ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ) 75, ಮುಖ್ಯವಾಗಿ ಸಮಾಜಕ್ಕೆ ಸಂಬಂಧಿಸಿದ ಕೆಲಸಗಳಿಗೆ ಎಂದು ಇಟ್ಟದ್ದು. ಊರಿನ ಶಾಲೆಗೆ ನೆರವು, ನೀರಿನ ಸಂರಕ್ಷಣೆ, ಹಳ್ಳಿಯ ಸಮೀಕ್ಷೆ ಇಂಥವು. ಮೊದಲ ಸೆಮಿಸ್ಟರ್‌ನಿಂದಲೇ ದಿನಾಂಕ, ಗಂಟೆ, ಫೋಟೊ, ಸಹಿ ಇರುವ ಪುಸ್ತಕ ಇಟ್ಟು ಪ್ರತಿ ಸೆಮಿಸ್ಟರ್ ಮೆಂಟರ್ ಸಹಿ ಹಾಕಿಸಿಕೊಳ್ಳಿ. ಎಂಟನೇ ಸೆಮಿಸ್ಟರ್‌ನಲ್ಲಿ ಒಟ್ಟಿಗೆ ಮಾಡುತ್ತೇನೆಂದರೆ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಎರಡರ ನಡುವೆ ಸಮಯ ಸಿಗುವುದಿಲ್ಲ.